ಬೇವಿನ ಗಿಡದ ಅಂಗಡಿಯಲ್ಲಿ ನನ್ನ ಪಾಲು ಬಿಟ್ಟೆ: ಐದರಲ್ಲಿ ಮೂರೂವರೆ ಸ್ಟಾರ್

ಈ ಅಂಗಡಿಗೆ ಹೆಸರಿಲ್ಲ. ತಗಡಿನ ಬೋರ್ಡಿನ ಮೇಲೆ 'ಪತ್ರ ಬರಹಗಾರರು, ಝೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ' ಅಂತ ಬರೆದಿದೆ, ಅಷ್ಟೇ. ಹಿಂದೆ ಒಂದು ದೊಡ್ಡ ಬೇವಿನ ಗಿಡ ಇದೆ. ಹಾಗಾಗಿ ಸುತ್ತಲಿನ ಹಳ್ಳಿಯವರಿಗೆಲ್ಲ ಅದು ಬೇವಿನ ಗಿಡದ ಅಂಗಡಿ. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಊರು, ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಐವತ್ತು ಹೆಜ್ಜೆ. ಊರಿನ ಹೆಸರು ಬರೆಯೋದಿಲ್ಲ. ಕೆಳಗೆ ಒಂದೆರಡು ದೂರೂ ಇವೆ, ನಾಳೆ ನಾನು ಮತ್ತೆ ಅಲ್ಲಿಗೇ ಹೋಗಬೇಕಾದವನು.

ಹೋದ ಕೆಲಸ ಇಷ್ಟು. ಅಪ್ಪನ ಹೊಲದಲ್ಲಿ ನನಗೆ ಬರುವ ಪಾಲನ್ನು ಅಕ್ಕನಿಗೆ ಬಿಟ್ಟುಕೊಡೋದು. ಕಾಗದದಲ್ಲಿ ಅದಕ್ಕೆ ಹಕ್ಕು ಬಿಡುಗಡೆ ಪತ್ರ ಅಂತಾರೆ, ಬಾಯಿಮಾತಲ್ಲಿ ಖುಲಾಸೆ ಪತ್ರ.

ಹೊಲ 5 ಎಕರೆ 12 ಗುಂಟೆ, ಎರೆ ಭೂಮಿ. ಅಪ್ಪ 1988ರಲ್ಲಿ ತನ್ನ ದುಡಿಮೆಯಿಂದ ಕೊಂಡಿದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡಿನಲ್ಲಿದೆ. ಅಂದರೆ ನಕ್ಷೆಯಲ್ಲಿ ನೀರು ಪ್ರತಿ ವರ್ಷ ಬರುತ್ತದೆ, ಹೊಲಕ್ಕೆ ಮಾತ್ರ ಮೇಲಿನವರು ಬಿಟ್ಟರೆ ಬರುತ್ತದೆ. ಬಂದ ವರ್ಷ ಭತ್ತ. ಬರದ ವರ್ಷ ಹತ್ತಿ, ತೊಗರಿ, ಜೋಳ. ನಾನು ಹಟ್ಟಿ ಚಿನ್ನದ ಗಣಿಯಲ್ಲಿ ಹದಿನೇಳು ವರ್ಷದಿಂದ ನೌಕರಿಯಲ್ಲಿದ್ದೇನೆ. ಪಾಳಿ ಕೆಲಸ, ಕ್ವಾರ್ಟರ್ಸ್, ಪಿಎಫ್ ಎಲ್ಲ ಇದೆ. ಹೊಲಕ್ಕೆ ಹೋಗುವುದು ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮತ್ತು ಯಾರಾದರೂ ಸತ್ತಾಗ. ಅಕ್ಕ ಗಂಡ ತೀರಿಕೊಂಡ ಮೇಲೆ ಮಗನನ್ನು ಕರೆದುಕೊಂಡು ತವರಿಗೆ ಬಂದವಳು. ಬಿತ್ತುವುದು, ಕಳೆ ತೆಗೆಸುವುದು, ಲಕ್ವಾ ಹೊಡೆದು ಮಲಗಿದ್ದ ಅಪ್ಪನನ್ನು ಹೊರಳಿಸಿ ಮಲಗಿಸುವುದು, ಎಲ್ಲ ಅವಳೇ.

ಪಾಲು ಬಿಡಬೇಕು ಅಂತ ನನಗೆ ಅನಿಸಿದ್ದು ಯಾವುದೋ ದೊಡ್ಡ ಮನಸ್ಸಿನಿಂದ ಅಲ್ಲ. ನಾಚಿಕೆಯಿಂದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಮರುದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ನಾನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. 'ನೀರೆಲ್ಲ ನದಿಗೆ ಹೋಗಾಕತ್ತದಂತ, ಸಸಿ ಮಡಿ ಹಾಕಿನಿ, ಏನ್ ಮಾಡ್ಲೋ?' ಅಂದಳು. ನಾನು ನಿದ್ದೆಗಣ್ಣಲ್ಲಿ 'ಹೋದ್ರ ಹೋಗ್ಲಿ ಬಿಡಕ್ಕ, ಪರಿಹಾರ ಬರ್ತದ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಫೋನ್ ಇಟ್ಟಳು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಆ ಮಾತು ಬೇರೆ. ಬೀಜಕ್ಕೆ ಅವಳು ಕಿವಿಯೋಲೆ ಅಡವಿಟ್ಟಿದ್ದಳು ಅಂತ ನನಗೆ ಗೊತ್ತಾಗಿದ್ದು ದೀಪಾವಳಿಗೆ ಊರಿಗೆ ಹೋದಾಗ.

ಆಗಲೇ ಒಮ್ಮೆ ಬೇವಿನ ಗಿಡದ ಅಂಗಡಿಗೆ ಹೋಗಿ ಕೇಳಿದ್ದೆ. ಅಪ್ಪ ಇನ್ನೂ ಇದ್ದರು. ರೈಟರ್‌ಗೆ ಅರವತ್ತು ದಾಟಿದೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ. ಅವರು ಪೆನ್ನು ಕೆಳಗಿಟ್ಟು ಹೇಳಿದರು: 'ತಮ್ಮಾ, ಇದು ನಿಮ್ಮಪ್ಪ ತಾನು ಗಳಿಸಿದ ಆಸ್ತಿ. ಅವರು ಇರೋತನಕ ನಿನಗ ಪಾಲಾ ಇಲ್ಲ. ಇಲ್ಲದ್ದನ್ನ ಏನಂತ ಬಿಡ್ತಿ?' ಮುಂದೆ ಬರಬಹುದು ಅನ್ನೋ ಆಸೆಯನ್ನು ಯಾರಿಗೂ ಬರೆದುಕೊಡಲು ಬರುವುದಿಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಹಾಗಿದೆ ಅಂದರು. ಹಾಗೆ ಬರೆಸಿಕೊಂಡವರು ಆಮೇಲೆ ಕೋರ್ಟು ಅಲೆಯುತ್ತಾರಂತೆ. ಬರೆದುಕೊಟ್ಟು ದುಡ್ಡು ತೆಗೆದುಕೊಳ್ಳಬಹುದಿತ್ತು. ಮಾಡಲಿಲ್ಲ. ಚಹಾ ಕುಡಿಸಿ ಕಳಿಸಿದರು. ಒಂದು ಸ್ಟಾರ್ ಅದಕ್ಕೇ.

ಅಪ್ಪ ಹೋದ ಮೇಲೆ ಎರಡನೇ ಸಲ ಹೋದೆ. ಈ ಸಲ ನಮ್ಮ ಕಾಕಾ ಜೊತೆಗಿದ್ದರು. ಕಾಕಾನದು ಒಂದೇ ಹಟ: 'ನೂರು ರೂಪಾಯಿ ಬಾಂಡ್ ಪೇಪರ್ ಮ್ಯಾಲೆ ಬರೆದು ನೋಟರಿ ಮಾಡಿಸಿದ್ರ ಸಾಕು, ಸುಮ್ನೆ ಯಾಕ ಖರ್ಚು?' ನಮ್ಮ ಕಡೆ ಅರ್ಧ ಊರಿನ ಪಾಲು ಹೀಗೇ ಆಗಿದೆ. ರೈಟರ್ ನಕ್ಕುಬಿಟ್ಟರು. ನೂರು ರೂಪಾಯಿಗಿಂತ ಜಾಸ್ತಿ ಬೆಲೆಯ ಹೊಲ ಮನೆಯ ಹಕ್ಕು ಬಿಡೋ ಪತ್ರ ರಿಜಿಸ್ಟರ್ ಆಗಲೇಬೇಕು, 1908ರಿಂದಲೂ ಇದೇ ಕಾನೂನು ಅಂದರು. ಬಾಂಡ್ ಪೇಪರ್ ಇಟ್ಟುಕೊಂಡು ಹೋದರೆ ಪಹಣಿಯಲ್ಲಿ ಹೆಸರು ಬದಲಾಗೋದಿಲ್ಲ. ಕಾಕಾ ಆಮೇಲೆ ಇಡೀ ದಿನ ಮಾತಾಡಲಿಲ್ಲ. ಬಹುಶಃ ಅವರ ಮನೆಯಲ್ಲೂ ಅಂಥದ್ದೊಂದು ಬಾಂಡ್ ಪೇಪರ್ ಇದೆ.

ರೈಟರ್ ಮೊದಲು ಕೇಳಿದ ಪ್ರಶ್ನೆ 'ಪಿತ್ರಾರ್ಜಿತವೋ ಸ್ವಯಾರ್ಜಿತವೋ?' ನೀವು ಈ ಕೆಲಸಕ್ಕೆ ಹೋಗುವವರಾದರೆ ಇದನ್ನು ಮನೆಯಲ್ಲೇ ಪತ್ತೆ ಮಾಡಿಕೊಂಡು ಹೋಗಿ. ಅಪ್ಪನ ಸ್ವಂತ ಗಳಿಕೆ, ಉಯಿಲು ಬರೆದಿಲ್ಲ ಅಂದರೆ ಅವ್ವ, ಅಕ್ಕ, ನಾನು, ಮೂರು ಜನಕ್ಕೂ ಸಮ ಪಾಲು. ನನ್ನದು ಮೂರರಲ್ಲಿ ಒಂದು, ಅದನ್ನು ನಾನು ಬಿಡಬಹುದು. ಅಜ್ಜನ ಕಾಲದಿಂದ ಬಂದ ಹೊಲವಾಗಿದ್ದರೆ ನನ್ನ ಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಇರುತ್ತಿತ್ತು. ನನ್ನ ಸಹಿ ಅವರ ಹಕ್ಕನ್ನು ಬಿಡಿಸುತ್ತಿರಲಿಲ್ಲ. ಸಣ್ಣ ಮಕ್ಕಳ ಪಾಲು ಬಿಡಲು ಕೋರ್ಟಿನ ಅಪ್ಪಣೆ ಬೇಕು.

ಆಮೇಲೆ ಸಾಲದ ಮಾತು. ನಾನು ಪಾಲು ಬಿಡುತ್ತಿರುವುದು ಸೊಸೈಟಿಯ ಬೆಳೆ ಸಾಲದಿಂದ ತಪ್ಪಿಸಿಕೊಳ್ಳಲು ಅಂತ ಊರ ಕಟ್ಟೆಯಲ್ಲಿ ಮಾತಾಗಿತ್ತು. ಕೇಳಿಯೇಬಿಟ್ಟೆ. ತಂದೆಯ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ, ತಮ್ಮ ಸಂಬಳದಿಂದ ಕಟ್ಟಬೇಕಾಗಿಲ್ಲ ಅಂದರು. 'ಆದ್ರ ನೀ ಜಾಮೀನು ಹಾಕಿಯೇನು?' ಹಾಕಿದ್ದೆ. 'ಹಂಗಾದ್ರ ಹೊಲ ಬಿಟ್ಟರೂ ಜಾಮೀನು ನಿನ್ನ ಬಿಡೋದಿಲ್ಲ.' ಹೊಲ ಹೋಯಿತು, ಸಾಲದ ಜಾಮೀನು ಉಳಿಯಿತು. ಊರ ಕಟ್ಟೆಯವರಿಗೆ ಈ ಸುದ್ದಿ ಮುಟ್ಟಿಸಿದ್ದೇನೆ.

ಅವ್ವನೂ ಬಂದಿದ್ದಳು. 'ನಂದೂ ಅಕಿಗೇ ಬರದುಬಿಡ್ರಿ' ಅಂದಳು. ಎರಡು ಪತ್ರವಾದರೆ ಅಂಗಡಿಗೆ ಎರಡು ಫೀಸು. ರೈಟರ್ ಒಪ್ಪಲಿಲ್ಲ. 'ಬ್ಯಾಡವ್ವ. ನಿನ್ನ ಪಾಲು ನಿನ್ನ ಹೆಸರಲ್ಲೇ ಇರ್ಲಿ. ಕೈಯಾಗ ಪಹಣಿ ಇದ್ದ ಮುದುಕಿಗೆ ರೊಟ್ಟಿ ಬಿಸಿ ಇರ್ತಾವ.' ಅಕ್ಕ ಪಕ್ಕದಲ್ಲೇ ಕೂತಿದ್ದಳು, ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಪಹಣಿ, ಋಣಭಾರ ಪತ್ರ, ಎಲ್ಲರ ಆಧಾರ್. ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡೋದು, ಅದನ್ನು ಮಾಡಿಸಿ ಪಹಣಿಯಲ್ಲಿ ಮೂವರ ಹೆಸರೂ ಜಂಟಿಯಾಗಿ ಬರುವಂತೆ ಮಾಡಿಸಿದರು, ಆಮೇಲೆ ಬಿಡುಗಡೆ ಪತ್ರ. ಹೆಚ್ಚು ತಡವಾಗಿದ್ದು ಪೌತಿ ಖಾತೆಯಲ್ಲೇ. ಅದಕ್ಕೆ ಅಂಗಡಿಯನ್ನು ದೂರಲಾರೆ.

ಈಗ ದೂರಿನ ಭಾಗ.

ಕರಡು ಓದಲು ಕೊಟ್ಟರು. ನಾಲ್ಕು ಪುಟ. ಸರ್ವೆ ನಂಬರ್ ಸರಿ ಇತ್ತು, ಚೆಕ್ಕುಬಂದಿ (ಹೊಲದ ನಾಲ್ಕು ದಿಕ್ಕಿನ ಗಡಿ) ಸರಿ ಇತ್ತು. ಎರಡನೇ ಪುಟದ ನಡುವೆ ಹೀಗಿತ್ತು: 'ನನ್ನ ಮದುವೆಯ ಖರ್ಚನ್ನು ತವರಿನವರೇ ಭರಿಸಿದ್ದು, ಅರಿಶಿನ ಕುಂಕುಮಕ್ಕಾಗಿ ಕೊಟ್ಟ ಮೊತ್ತದಿಂದ ತೃಪ್ತಳಾಗಿ, ಸದರಿ ಸ್ವತ್ತಿನಲ್ಲಿ ನನಗಿರುವ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ.' ಬರೆದುಕೊಟ್ಟವರ ಹೆಸರು ನನ್ನದು. ವಯಸ್ಸು 43. ಮೀಸೆ ಇರುವ ಫೋಟೋ.

ಕಂಪ್ಯೂಟರ್ ಹುಡುಗ ತಲೆ ಕೆರೆದುಕೊಂಡ. 'ಸರ, ನಮ್ಮ ಕಡೆ ಇದೊಂದೇ ಫಾರ್ಮ್ಯಾಟ್ ಅದ. ಬರೋರೆಲ್ಲ ಅಕ್ಕ ತಂಗೇರೇ.' ಎಷ್ಟು ವರ್ಷದಿಂದ ಅಂತ ಕೇಳಿದೆ. ತಾನು ಸೇರಿ ಆರು ವರ್ಷ, ಗಂಡಸು ಬಿಟ್ಟುಕೊಡೋದು ಬೆರಳೆಣಿಕೆ, ಅದೂ ಅಣ್ಣನಿಂದ ತಮ್ಮನಿಗೆ ಅಂದ. ತಮ್ಮನಿಂದ ಅಕ್ಕನಿಗೆ ಅವನು ಟೈಪ್ ಮಾಡಿದ್ದು ಇದೇ ಮೊದಲು. ತಿದ್ದಿದ. ಮತ್ತೆ ಪ್ರಿಂಟ್ ತೆಗೆದ. ಮೂರನೇ ಪುಟದಲ್ಲಿ ಇನ್ನೊಂದು ಕಡೆ 'ನನ್ನ ಗಂಡನ ಮನೆಯವರ ಒಪ್ಪಿಗೆ ಮೇರೆಗೆ' ಉಳಿದೇ ಇತ್ತು. ಅದನ್ನು ಹಿಡಿದಿದ್ದು ಅಕ್ಕ. ಅವಳು ಓದಿದ್ದು ಏಳನೇ ಕ್ಲಾಸು. ರಿಜಿಸ್ಟರ್ ಆದ ಮೇಲೆ ತಪ್ಪು ಸಿಕ್ಕಿದರೆ ತಿದ್ದುಪಡಿ ಪತ್ರ ಅಂತ ಬೇರೆಯದೇ ಮಾಡಿಸಬೇಕು, ಅದಕ್ಕೆ ಮತ್ತೆ ಎಲ್ಲರೂ ಬಂದು ಹೆಬ್ಬೆಟ್ಟು ಒತ್ತಬೇಕು. ಹಾಗಾಗಿ ಕರಡನ್ನು ಕೂತು ಓದಿ. ಅಂಗಡಿಯವರ ಮೇಲೆ ಬಿಡಬೇಡಿ. ಅರ್ಧ ಸ್ಟಾರ್ ಕಡಿಮೆ.

ಇನ್ನೊಂದು ಸ್ಟಾರ್ ಹೋಗಿದ್ದು ಯಾಕೆ ಅನ್ನೋದು ನಾನಾಗಿ ಕಂಡದ್ದಲ್ಲ, ನನ್ನ ಹೆಂಡತಿ ತೋರಿಸಿದ್ದು.

ಮೂರನೇ ಸಲ ಅವಳೂ ಬಂದಿದ್ದಳು. ರಿಜಿಸ್ಟ್ರೇಶನ್ನಿನ ಕಾವೇರಿ ತಂತ್ರಾಂಶದಲ್ಲಿ ಹೊತ್ತು ಗೊತ್ತುಮಾಡಿ ಬರೋದು ಈಗ, ಮೊದಲಿನ ಹಾಗೆ ಬೆಳಿಗ್ಗೆಯಿಂದ ಕಾಯಬೇಕಿಲ್ಲ. ನಮ್ಮದು ಹನ್ನೆರಡಕ್ಕೆ. ಹತ್ತಕ್ಕೇ ಹೋಗಿ ಕೂತೆವು. ರೈಟರ್ ನನ್ನೊಬ್ಬನನ್ನೇ ಗಿಡದ ಕೆಳಗೆ ಕರೆದರು. ಅಕ್ಕ, ಅವ್ವ, ಕಾಕಾ ಯಾರೂ ಬರಬಾರದು. 'ಯಾರಾದ್ರೂ ಒತ್ತಾಯ ಮಾಡ್ಯಾರೇನು? ನಾಳೆ ನೌಕರಿ ಹೋದ್ರ? ಗಂಡುಮಗ ಅದಿ, ಊರಾಗ ನಿನಗ ಒಂದು ನೆಲಿ ಬ್ಯಾಡೇನು? ಹೆಂಡ್ತಿ ಒಪ್ಪ್ಯಾಳೇನು?' ಅರ್ಧ ತಾಸು. ಇನ್ನೂ ಒಂದು ವಾರ ಯೋಚನೆ ಮಾಡು, ಹೊತ್ತು ಬದಲಾಯಿಸೋಣ ಅಂತಲೂ ಅಂದರು. ನನಗೆ ಕಣ್ಣು ತುಂಬಿ ಬಂತು. ಎಂಥ ಮನುಷ್ಯ ಅಂದುಕೊಂಡೆ. ಐದಕ್ಕೆ ಐದು ಕೊಡಬೇಕು ಅಂತ ಆಗಲೇ ಲೆಕ್ಕ ಹಾಕಿದ್ದೆ.

ನಾವು ವಾಪಸು ಬಂದು ಕೂತಾಗ ಇನ್ನೊಂದು ಮನೆಯವರು ಬಂದರು. ಇಬ್ಬರು ಅಣ್ಣಂದಿರು, ಮೂವರು ತಂಗಿಯರು, ಒಬ್ಬಳ ಕಂಕುಳಲ್ಲಿ ಕೂಸು. ಪತ್ರ ಮೊದಲೇ ತಯಾರಿತ್ತು. ರೈಟರ್ ಕನ್ನಡಕ ಏರಿಸಿ 'ಒಪ್ಪಿಗೆ ಅದ ಅಲ್ರವ್ವಾ?' ಅಂದರು. ಒಬ್ಬ ಅಣ್ಣ 'ಹೌದ್ರಿ' ಅಂದ. ಮೂವರೂ ಸಹಿ ಹಾಕಿದರು. ಕೂಸು ಪೆನ್ನಿಗೆ ಕೈ ಹಾಕಿತು, ಎಲ್ಲರೂ ನಕ್ಕರು. ಅವರು ಕಚೇರಿ ಕಡೆ ಹೊರಟಾಗ ನನ್ನ ಹೆಂಡತಿ ಮೊಬೈಲ್ ನೋಡಿ ಹೇಳಿದಳು: 'ಹತ್ತು ನಿಮಿಷ ಆಗಿಲ್ಲರೀ. ನಿಮಗ ಅರ್ಧ ತಾಸು. ರೇಟ್ ಒಂದೇ ಅದ ಅಲ್ವಾ?'

ನಾನು ಏನೂ ಹೇಳಲಿಲ್ಲ. ಅವಳೇ ಮುಂದುವರಿಸಿದಳು. 2016ರಲ್ಲಿ ಅವಳೂ ತವರಿನಲ್ಲಿ ಸಹಿ ಹಾಕಿದ್ದಳು, ಕೊಪ್ಪಳ ಜಿಲ್ಲೆಯಲ್ಲಿ. ಅಜ್ಜನ ಕಾಲದ ಹೊಲ, ಇಬ್ಬರು ಅಣ್ಣಂದಿರು. ಆ ದಿನ ನಾನೂ ಇದ್ದೆ. ಹೊರಗೆ ಬೈಕಿನ ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದೆ. ಅವಳಿಗೆ ಒಂದು ಇಳಕಲ್ ಸೀರೆ, ಅರಿಶಿನ ಕುಂಕುಮಕ್ಕೆ ಅಂತ ಹತ್ತು ಸಾವಿರ. ಪತ್ರ ಓದಲು ಕೊಟ್ಟಿರಲಿಲ್ಲ, ಅವಳು ಕೇಳಿರಲೂ ಇಲ್ಲ. 'ನಾ ಬಿಟ್ಟಾಗ ಯಾರೂ ದೊಡ್ಡ ಮನಸ್ಸು ಅನ್ಲಿಲ್ಲ. ಹಾಕಬೇಕಾಗಿತ್ತು, ಹಾಕಿದೆ ಅಷ್ಟೇ. ನೀವು ಬಿಟ್ರ ಕಾಕಾ ಊರ ತುಂಬ ಹೇಳ್ಕೋತ ತಿರುಗ್ಯಾಡಾಕತ್ತಾರ.' ಸಿಟ್ಟಿರಲಿಲ್ಲ ಮಾತಲ್ಲಿ. ಜೋಳದ ಹಿಟ್ಟಿನ ರೇಟ್ ಹೇಳಿದ ಹಾಗೆ ಹೇಳಿದಳು.

ಇದನ್ನು ನಾನು ರೈಟರ್‌ಗೆ ಹೇಳಿಯೇಬಿಟ್ಟೆ. ಬೇಸರ ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಅಡಿಕೆ ಅಗಿದು ಹೇಳಿದರು: 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, ಆಗ ಮದುವೆ ಆಗದವರಿಗೆ ಮಾತ್ರ. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆಯಾದವರಿಗೂ ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದಲೇ ಬರ್ತದ, 2005ರಲ್ಲಿ ತಂದೆ ಬದುಕಿದ್ದರೂ ಇರದಿದ್ದರೂ ಒಂದೇ ಅಂತ ಹೇಳಿತು. 'ಅವಾಗಿಂದ ಅಕ್ಕ ತಂಗೇರ ಸಹಿ ಇಲ್ಲದ ಹೊಲ ಮಾರಾಕ ಬರಂಗಿಲ್ಲ. ಅದಕ್ಕ ನಮ್ಮ ಅಂಗಡಿಗೆ ಕೆಲಸ ಜಾಸ್ತಿ ಆತು. ಹಕ್ಕು ಬಂದಷ್ಟೂ ಬಿಡಿಸೋ ಪತ್ರ ಜಾಸ್ತಿ.' ಒಬ್ಬೊಬ್ಬರನ್ನೇ ಕರೆದು ಕೇಳಿದರೆ ಅಣ್ಣಂದಿರು ಪಕ್ಕದ ಅಂಗಡಿಗೆ ಹೋಗುತ್ತಾರೆ ಅಂತಲೂ ಹೇಳಿದರು. ಸುಳ್ಳು ಹೇಳಲಿಲ್ಲ ಅನ್ನೋದಕ್ಕೆ ಗೌರವ ಇದೆ. ಆದರೂ ಒಂದು ಸ್ಟಾರ್ ತೆಗೆದಿದ್ದೇನೆ. ಬೇವಿನ ಗಿಡದ ನೆರಳು ಎಲ್ಲರಿಗೂ ಸಾಲುವಷ್ಟು ಇದೆ.

ಕಚೇರಿಯೊಳಗೆ ಹತ್ತು ನಿಮಿಷದ ಕೆಲಸ. ಫೋಟೋ, ಹೆಬ್ಬೆಟ್ಟು, ಇಬ್ಬರು ಸಾಕ್ಷಿ. ಅಲ್ಲಿನ ಕಂಪ್ಯೂಟರಿನವನು ಅಕ್ಕನ ಕಡೆ ಕೈ ತೋರಿಸಿ 'ಬರೆದುಕೊಡೋರು ಈ ಕುರ್ಚಿಗೆ ಬರ್ರಿ' ಅಂದ. ನಾನು ಹೋಗಿ ಕೂತೆ. ಅವನು ಪತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಪತ್ರ ನೋಡಿದ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಳು ಅಂದುಕೊಂಡೆ, ನಗು.

ಖರ್ಚಿನ ವಿಷಯ. ಬರೆದಿದ್ದಕ್ಕೆ, ಆನ್‌ಲೈನ್ ಅರ್ಜಿಗೆ ಸೇರಿ 2,500 ರೂಪಾಯಿ. ಮೊದಲ ದಿನವೇ ಹೇಳಿದ್ದರು, ಕೊನೆಗೆ ಅಷ್ಟೇ ತೆಗೆದುಕೊಂಡರು. ಸರ್ಕಾರಿ ಶುಲ್ಕ ಬೇರೆ, ಅದನ್ನು ಆನ್‌ಲೈನ್‌ನಲ್ಲೇ ಕಟ್ಟಿದೆ, ರಶೀದಿ ಬಂತು. ಮನೆಯವರೊಳಗೇ ಹಕ್ಕು ಬಿಡೋದಾದ್ದರಿಂದ ಕ್ರಯಪತ್ರದಷ್ಟು ಭಾರ ಬೀಳೋದಿಲ್ಲ. ನಡುವೆ ಹುಡುಗ 'ಮೇಲಿನ ಖರ್ಚು ಒಂದು ಸಾವಿರ' ಅಂತ ಚೀಟಿಯಲ್ಲಿ ಬರೆದಿದ್ದ. ಯಾವ ಮೇಲಿಂದು ಅಂತ ಕೇಳಿದೆ. ಹೊಡೆದು ಹಾಕಿದ. ಕೇಳದವರ ಚೀಟಿಯಲ್ಲಿ ಅದು ಉಳಿಯುತ್ತದೆ ಅಂತ ಕಾಣುತ್ತದೆ, ನೀವೂ ಕೇಳಿ. ಅಂಗಡಿಯ ಫೀಸಿಗೆ ರಶೀದಿ ಕೊಡೋದಿಲ್ಲ.

ರಿಜಿಸ್ಟರ್ ಆದ ಮಾಹಿತಿ ಪಹಣಿಯ ಭೂಮಿ ತಂತ್ರಾಂಶಕ್ಕೆ ತಾನಾಗಿಯೇ ಹೋಗುತ್ತದೆ. ತಕರಾರು ಹಾಕುವ ಅವಧಿ ಮುಗಿದ ಮೇಲೆ ಪಹಣಿಯಲ್ಲಿ ನನ್ನ ಹೆಸರು ಹೋಯಿತು. ಈಗ ಅಕ್ಕ ಮತ್ತು ಅವ್ವ. ಅಕ್ಕ ಹೊಸ ಪಹಣಿಯನ್ನು ವಾಟ್ಸಾಪಿನಲ್ಲಿ ಕಳಿಸಿದಳು, ಕೆಳಗೆ ಏನೂ ಬರೆದಿರಲಿಲ್ಲ. ಮರುವಾರ ಹಟ್ಟಿಗೆ ಬರುವ ಬಸ್ಸಿನಲ್ಲಿ ಅರ್ಧ ಚೀಲ ಸೋನಾಮಸೂರಿ ಬಂತು.

ಕಾರಣವಿಲ್ಲದೆ ಒಳಗೆ ಬಂದವರನ್ನೂ ಕೂರಿಸುತ್ತಾರೆ. ಫ್ಯಾನ್ ಇದೆ, ಕುಡಿಯುವ ನೀರಿನ ಕ್ಯಾನ್ ಇದೆ. ಹೆಂಗಸರಿಗೆ ಹತ್ತಿರದಲ್ಲಿ ಶೌಚಾಲಯ ಇಲ್ಲ. ಎದುರಿನ ಬಂಡಿಯಲ್ಲಿ ಒಗ್ಗಾಣಿ ಮಿರ್ಚಿ ಚೆನ್ನಾಗಿದೆ, ಆದರೆ ಹನ್ನೊಂದಕ್ಕೇ ಖಾಲಿ.

ಕಳೆದ ವಾರ ಮತ್ತೆ ಹೋಗಿದ್ದೆವು. ಈ ಸಲ ಕೆಲಸ ನನ್ನದಲ್ಲ. ನನ್ನ ಹೆಂಡತಿಗೆ 2016ರ ತನ್ನ ಪತ್ರದಲ್ಲಿ ಏನು ಬರೆದಿದೆ ಅಂತ ಓದಬೇಕಿತ್ತು. ಅದನ್ನು ರದ್ದು ಮಾಡಿಸಲು ಬರುತ್ತದೋ ಇಲ್ಲವೋ ಅಂತ ನಾನು ಕೇಳಿದೆ. ರೈಟರ್ 'ಅದು ವಕೀಲರ ಮಾತು, ನಾನು ಹೇಳಿದ್ರ ತಪ್ಪಾಗ್ತದ. ಕಾಲಮಿತಿ ಅಂತ ಒಂದು ಇರ್ತದ, ತಡ ಮಾಡಬ್ಯಾಡ್ರಿ' ಅಂದರು. ಅವಳು 'ರದ್ದು ಬ್ಯಾಡ್ರಿ, ನನಗ ಓದಬೇಕು ಅಷ್ಟೇ' ಅಂದಳು. ದೃಢೀಕೃತ ನಕಲಿಗೆ ಕಾವೇರಿಯಲ್ಲೇ ಅರ್ಜಿ ಹಾಕಬಹುದು, ಬೇರೆ ಜಿಲ್ಲೆಯದಾದರೂ ಆಗುತ್ತದೆ. ಹುಡುಗ ಹಾಕಿಕೊಟ್ಟ. ನಕಲು ಬಂದ ದಿನ ಅವಳು ಅದನ್ನು ಅಂಗಡಿಯ ಬೆಂಚಿನ ಮೇಲೆ ಕೂತು ಮೊದಲಿಂದ ಕೊನೆವರೆಗೆ ಓದಿದಳು. ರೈಟರ್ ಬೇರೆ ಗಿರಾಕಿಗಳನ್ನು ಆ ಕಡೆ ಕೂರಿಸಿದರು. ಎರಡನೇ ಪುಟದ ನಡುವೆ ಅದೇ ಸಾಲು ಇತ್ತು, 'ತೃಪ್ತಳಾಗಿ' ಅನ್ನೋದರ ಕೆಳಗೆ ಅವಳು ಉಗುರಿನಿಂದ ಗೆರೆ ಎಳೆದಳು. ಆಮೇಲೆ ಇನ್ನೊಂದು ಪ್ರತಿ ಬೇಕು, ಮಗಳ ಫೈಲಿನಲ್ಲಿ ಇಡ್ತೀನಿ ಅಂದಳು.

ಝೆರಾಕ್ಸ್ ಪುಟಕ್ಕೆ ಎರಡು ರೂಪಾಯಿ. ಅಕ್ಷರ ಸ್ಪಷ್ಟವಾಗಿ ಬಂದಿದೆ.